ಪುಟ್ಟಣ್ಣ ಕಣಗಾಲ್

ಕನ್ನಡ ನಾಡಿನ ಉತ್ತರದ ತುದಿಯಲ್ಲಿರುವುದು ಬೀದರ ಜಿಲ್ಲೆ. ಅಲ್ಲಿಯ ಭಾಲ್ಕಿ ತಾಲ್ಲೂಕಿಗೆ ಸೇರಿದ ಒಂದು ಊರು ಖಟಕ ಚಿಂಚೋಳಿ. ನಾಡಿನ ದಕ್ಷಿಣದಲ್ಲಿ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕಣಗಾಲು ಎಂಬ ಹಳ್ಳಿಯಿದೆ. 1956ನೆಯ ಇಸವಿಯ ನವೆಂಬರ್ 1ರವರೆಗೆ ಈ ಎರಡು ಊರುಗಳು ಒಂದೇ ಆಡಳಿತಕ್ಕೆ ಸೇರಿರಲಿಲ್ಲ. ಒಂದು ಹೈದರಾಬಾದು ರಾಜ್ಯದಲ್ಲಿದ್ದಿತು. ಮತ್ತೊಂದು ಮೈಸೂರು ರಾಜ್ಯದಲ್ಲಿದ್ದಿತು. ಅಂದು ನಾಡು ಒಂದಾಯಿತು. ಆದರೆ ಗಡಿಗಳು ಅಳಿದ ಮಾತ್ರಕ್ಕೆ ಜನಮನಗಳು ಒಂದಾಗುವುದಿಲ್ಲ. ದೂರದೂರದ ಜನರು ಒಂದೇ ಕಥೆಗೆ ಕಣ್ಣೀರಿಡುವಂತಾದಾಗ, ಒಂದೇ ಪ್ರಶ್ನೆಯನ್ನು ಕುರಿತು ತಮ್ಮ ತಮ್ಮ ಮನೆಗಳಲ್ಲಿ ಚರ್ಚಿಸುವಂತಾದಾಗ, ಅವರ ನಡುವೆ ನಿಜವಾದ ಬಾಂಧವ್ಯ ಬೆಳೆಯುತ್ತದೆ. ಕನ್ನಡಿಗರಿಗೆ ಅಂಥ ಕಥೆಗಳನ್ನು ಬೆಳ್ಳಿತೆರೆಯ ಮೂಲಕ ಒದಗಿಸಿಕೊಟ್ಟವರಲ್ಲಿ ಕಣಗಾಲಿನ ಪುಟ್ಟಣ್ಣನವರು ಅಗ್ರಗಣ್ಯರು.

ಪುಟ್ಟಣ್ಣನವರು 1933ನೆಯ ಇಸವಿ ಡಿಸೆಂಬರ್ 1ರಂದು ಜನಿಸಿದರು. ಅವರ ನಿಜನಾಮಧೇಯ ಸೀತಾರಾಮ ಶರ್ಮ. ಮನೆಯವರು ಕರೆಯುತ್ತಿದ್ದ ಪುಟ್ಟಣ್ಣ ಎಂಬ ಹೆಸರೂ ಹುಟ್ಟಿದ ಊರಿನ ಹೆಸರೂ ಕೂಡಿಕೊಂಡು ಮುಂದೆ ನಾಡಿಗೆಲ್ಲ ಪರಿಚಿತವಾದವು. ಅವರು ಹುಟ್ಟಿದ ಮೂರು ತಿಂಗಳಿಗೆ, ಅಂದರೆ 1934ರ ಮಾರ್ಚ್ ತಿಂಗಳಿನಲ್ಲಿ, ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಕಂಡಿತು. ಹೀಗೆ ಪುಟ್ಟಣ್ಣನವರೂ ಕನ್ನಡ ವಾಕ್ಚಿತ್ರವೂ ಸಮವಯಸ್ಕರೆಂದೇ ಹೇಳಬಹುದು.

ಅವರ ಬಾಲ್ಯ ಬಡತನದಲ್ಲಿ ಕಳೆಯಿತು. ಮನೆಯಲ್ಲಿ ಸಿರಿಯಿಲ್ಲದಿದ್ದರೂ ಸಾಹಿತ್ಯದ ಒಲವು ಇದ್ದಿತು. ಅವರ ಸೋದರರಾದ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಮುಂದೆ ಚಿತ್ರಸಾಹಿತಿಗಳಾಗಿ ಹೆಸರು ಪಡೆದರು. ಪುಟ್ಟಣ್ಣನವರು ಹೊಟ್ಟೆಪಾಡಿಗಾಗಿ ಹಲವು ಸಣ್ಣಪುಟ್ಟ ಕೆಲಸಗಳನ್ನು ಮಾಡಿ, ಕೊನೆಗೆ ಚಿತ್ರರಂಗದ ಬಾಗಿಲನ್ನು ತಟ್ಟಿದರು. ಆ ಕಾಲದಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಅಲ್ಲಿ ಹೆಸರಾಂತ ನಿರ್ಮಾಪಕ, ನಿರ್ದೇಶಕರಾಗಿದ್ದ ಬಿ. ಆರ್. ಪಂತುಲು ಅವರ ಆಶ್ರಯ ಇವರಿಗೆ ದೊರೆಯಿತು. 1957ರಲ್ಲಿ ಬಂದ ‘ರತ್ನಗಿರಿ ರಹಸ್ಯ’ ಚಿತ್ರದ ಕಾಲದಿಂದ ಪಂತುಲು ಅವರಿಗೆ ಸಹಾಯಕರಾಗಿ ದುಡಿದು, ಚಿತ್ರಕಲೆಯ ಒಳಹೊರಗುಗಳನ್ನೆಲ್ಲ ತಾಳ್ಮೆಯಿಂದ ಕಲಿತರು. 1964ರಲ್ಲಿ, ಪಂತುಲು ಅವರು ಹಿಂದೆ ಕನ್ನಡದಲ್ಲಿ ತೆಗೆದಿದ್ದ ‘ಸ್ಕೂಲ್ ಮಾಸ್ಟರ್’ ಚಿತ್ರವನ್ನು ಮಲಯಾಳಂ ಭಾಷೆಯಲ್ಲಿ ನಿರ್ದೇಶಿಸುವ ಅವಕಾಶ ಶಿಷ್ಯನಿಗೆ ದೊರೆಯಿತು. ಹೀಗೆ ಕನ್ನಡದ ಈ ಮಹಾನಿರ್ದೇಶಕರ ಮೊದಲ ಹೆಜ್ಜೆ ನೆರೆಯ ನುಡಿಯಲ್ಲಿ ಮೂಡಿತು.

ಕನ್ನಡದಲ್ಲಿ ಅವರು ನಿರ್ದೇಶಿಸಿದ ‘ಬೆಳ್ಳಿಮೋಡ’ 1967ರಲ್ಲಿ ತೆರೆಗೆ ಬಂದಿತು. ಪೌರಾಣಿಕ, ಐತಿಹಾಸಿಕ ಕಥೆಗಳೂ ಸಾಹಸದ ಪ್ರಸಂಗಗಳೂ ಜನಪ್ರಿಯವಾಗಿದ್ದ ಕಾಲವದು. ಪುಟ್ಟಣ್ಣನವರು ಅವುಗಳನ್ನು ಬಿಟ್ಟು ಕಾದಂಬರಿಗಾರ್ತಿ ತ್ರಿವೇಣಿಯವರ ಕೃತಿಯೊಂದನ್ನು ಆರಿಸಿಕೊಂಡರು. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿಯವರು ಹೆಣ್ಣಿನ ಅಂತರಂಗವನ್ನು ಸೂಕ್ಷ್ಮವಾಗಿ ಚಿತ್ರಿಸಿದ ಲೇಖಕಿ. 1963ರಲ್ಲಿಯೇ ಅಕಾಲ ಮರಣಕ್ಕೆ ತುತ್ತಾದ ಅವರಿಗೆ ತಮ್ಮ ಕಥೆ ಕನ್ನಡದ ತೆರೆಯ ಮೇಲೆ ಮೂಡಿದ್ದನ್ನು ನೋಡುವ ಭಾಗ್ಯವಿರಲಿಲ್ಲ. ಚಿಕ್ಕಮಗಳೂರಿನ ಸೀಮೆಯ ಬೆಟ್ಟಗುಡ್ಡಗಳ ನಡುವೆ ಚಿತ್ರಿತವಾದ ಈ ಕಥೆಯಲ್ಲಿ ಬೆಟ್ಟ, ಮಂಜು, ಮೋಡಗಳೂ ಪಾತ್ರಗಳಂತೆಯೇ ಮಾತನಾಡಿದವು.

‘ಬೆಳ್ಳಿಮೋಡ’ದ ನಾಯಕಿ ಇಂದಿರೆ ಶ್ರೀಮಂತರ ಒಬ್ಬಳೇ ಮಗಳು. ಅವಳಿಗೆ ನಿಶ್ಚಯವಾದ ವರ ಮೋಹನನು ಭಾವೀ ಮಾವನ ಹಣದಿಂದ ವಿದೇಶಕ್ಕೆ ಹೋಗಿ ವಿದ್ಯೆ ಕಲಿತು ಬರುತ್ತಾನೆ. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟಿರುತ್ತದೆ. ಆಸ್ತಿ ಇಂದಿರೆಗೆ ಬರುವುದಿಲ್ಲವೆಂದು ತಿಳಿದ ಕೂಡಲೇ ಮೋಹನನ ಮನಸ್ಸು ತಿರುಗುತ್ತದೆ. ಮುಂದೆ ಅವನು ಅಪಘಾತಕ್ಕೆ ಈಡಾದಾಗ ಇಂದಿರೆಯೇ ಅವನ ಶುಶ್ರೂಷೆ ಮಾಡುತ್ತಾಳೆ. ಅವಳ ಹಿರಿತನವನ್ನು ಕಂಡು ಪಶ್ಚಾತ್ತಾಪಗೊಂಡ ಅವನು ಮದುವೆಯಾಗಲು ಮುಂದೆ ಬರುತ್ತಾನೆ. ಸಾಮಾನ್ಯವಾದ ಕಥೆಯಾಗಿದ್ದರೆ ಇಲ್ಲಿ ಓಲಗ ಊದಬೇಕಾಗಿದ್ದಿತು. ಆದರೆ ಇಂದಿರೆ ಒಪ್ಪುವುದಿಲ್ಲ. ಕಷ್ಟದಲ್ಲಿರುವವನಿಗೆ ಸೇವೆ ಸಲ್ಲಿಸುವುದು ಬೇರೆ, ಒಮ್ಮೆ ಮುರಿದುಬಿದ್ದ ನಂಬಿಕೆಯ ಮೇಲೆ ಬದುಕನ್ನು ಕಟ್ಟುವುದು ಬೇರೆ ಎಂಬುದನ್ನು ಅವಳು ಬಲ್ಲಳು. ಆತ್ಮಗೌರವವನ್ನು ಉಳಿಸಿಕೊಂಡ ಅವಳಿಗೆ ಒಂಟಿತನವೇ ಅದರ ಬೆಲೆಯಾಗುತ್ತದೆ. ಅವಳು ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಪ್ರೇಕ್ಷಕರು ಮನೆಗೆ ಮರಳಿದರು.

ಪ್ರೇಕ್ಷಕರ ಮನಸ್ಸಿನಲ್ಲಿ ಇಂಥ ಪ್ರಶ್ನೆಯನ್ನು ಬಿತ್ತುವುದೇ ಪುಟ್ಟಣ್ಣನವರ ಕಲೆಯ ಹಿರಿಮೆ. 1969ರಲ್ಲಿ ಬಂದ ‘ಗೆಜ್ಜೆಪೂಜೆ’ಗೆ ಎಂ. ಕೆ. ಇಂದಿರಾ ಅವರ ಕಾದಂಬರಿ ಆಧಾರ. ಗೆಜ್ಜೆಪೂಜೆಯ ಸಂಪ್ರದಾಯವುಳ್ಳ ಮನೆಯಲ್ಲಿ ಹುಟ್ಟಿದ ಚಂದ್ರಾ ಎಲ್ಲ ಹೆಣ್ಣುಮಕ್ಕಳಂತೆ ಓದಿ, ಮದುವೆಯಾಗಿ, ಗೃಹಿಣಿಯಾಗಿ ಬಾಳಲು ಬಯಸುತ್ತಾಳೆ. ಹುಟ್ಟಿದ ಮನೆಯ ಹೆಸರು ಅವಳನ್ನು ನೆರಳಿನಂತೆ ಹಿಂಬಾಲಿಸುತ್ತದೆ. ಪ್ರೀತಿ ದೊರೆತೂ ಕೈಗೂಡುವುದಿಲ್ಲ. ಅವಳ ಬಾಳು ಸಾವಿನಲ್ಲಿ ಮುಗಿಯುತ್ತದೆ. ಆಯ್ಕೆಯ ಹಕ್ಕನ್ನೇ ಸಮಾಜ ಕಿತ್ತುಕೊಂಡರೆ ಒಂದು ಜೀವ ಹೇಗೆ ನಲುಗುತ್ತದೆ ಎಂಬುದನ್ನು ಈ ಚಿತ್ರ ತೋರಿಸಿತು. ಇದರ ಚಿತ್ರಕಥೆಗಾಗಿ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಸಂದಿತು.

1971ರ ‘ಶರಪಂಜರ’ ಅವರ ಕೀರ್ತಿಯನ್ನು ಶಿಖರಕ್ಕೇರಿಸಿತು. ಇದೂ ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ್ದು. ಒಲಿದವನನ್ನು ಮದುವೆಯಾಗಿ ಸುಖವಾಗಿದ್ದ ಕಾವೇರಿಗೆ ಎರಡನೆಯ ಹೆರಿಗೆಯ ಅನಂತರ ಬುದ್ಧಿ ವಿಕಲಗೊಳ್ಳುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಗುಣವಾಗಿ ಅವಳು ಮನೆಗೆ ಮರಳುತ್ತಾಳೆ. ಆದರೆ ಮನೆ ಮೊದಲಿನಂತಿರುವುದಿಲ್ಲ. ಅವಳ ಒಂದೊಂದು ಮಾತನ್ನೂ ಒಂದೊಂದು ನಡೆಯನ್ನೂ ಸುತ್ತಲಿನವರು ಸಂಶಯದಿಂದ ನೋಡುತ್ತಾರೆ. ಗಂಡನ ಒಲವು ಬೇರೊಬ್ಬಳ ಕಡೆಗೆ ಹರಿದಿರುತ್ತದೆ. ವೈದ್ಯರು ಗುಣಪಡಿಸಿದ ರೋಗವನ್ನು ಮನೆಯವರ ನೋಟವೇ ಮತ್ತೆ ಬರಮಾಡುತ್ತದೆ. ಕಾವೇರಿ ಆಸ್ಪತ್ರೆಗೆ ಹಿಂದಿರುಗುವ ದೃಶ್ಯವನ್ನು ಕಂಡವರು ಮರೆಯಲಾರರು. ಕಲ್ಪನಾ ಅವರು ಈ ಪಾತ್ರದಲ್ಲಿ ತೋರಿದ ಅಭಿನಯ ಕನ್ನಡ ಚಿತ್ರರಂಗದ ಅಮೂಲ್ಯ ನಿಧಿಯೆನಿಸಿದೆ.

ಈ ಚಿತ್ರದಿಂದ ಆದ ಉಪಕಾರ ಅಲ್ಪವಲ್ಲ. ಮನೋರೋಗವನ್ನು ಶಾಪವೆಂದೋ ಅವಮಾನವೆಂದೋ ಮುಚ್ಚಿಡುತ್ತಿದ್ದ ಕಾಲದಲ್ಲಿ ಅದೂ ಇತರ ಬೇನೆಗಳಂತೆ ಒಂದು ಬೇನೆ, ಅದಕ್ಕೆ ಔಷಧದಷ್ಟೇ ಮನೆಯವರ ವಿಶ್ವಾಸವೂ ಅಗತ್ಯ ಎಂಬ ಅರಿವನ್ನು ಅದು ಮೂಡಿಸಿತು. ಕಾದಂಬರಿಯನ್ನು ಓದಲು ಅಕ್ಷರಜ್ಞಾನ ಬೇಕು; ಚಿತ್ರವನ್ನು ನೋಡಲು ಕಣ್ಣೂ ಹೃದಯವೂ ಸಾಕು. ಹನ್ನೆರಡನೆಯ ಶತಮಾನದಲ್ಲಿ ಇಂದಿನ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಶರಣರು ಹಿರಿಯ ವಿಚಾರಗಳನ್ನು ಜನರ ಆಡುಮಾತಿನಲ್ಲಿ ಜನರೆದುರಿಗೆ ಇಟ್ಟರು. ಅವರ ಸಾಧನೆಯೊಡನೆ ಚಲನಚಿತ್ರವನ್ನು ಹೋಲಿಸುವುದು ಸರಿಯಲ್ಲವಾದರೂ, ಓದು ಬಾರದವರಿಗೂ ವಿಚಾರ ತಲುಪಬೇಕೆಂಬ ಆಸೆ ಪುಟ್ಟಣ್ಣನವರ ಚಿತ್ರಗಳಲ್ಲಿ ಕಾಣುತ್ತದೆ. ವರಕವಿ ಬೇಂದ್ರೆಯವರ ಕವಿತೆಯೊಂದನ್ನು ಅವರು ಇದೇ ಚಿತ್ರದಲ್ಲಿ ಅಳವಡಿಸಿ, ಅದು ಜನರ ನಾಲಗೆಯ ಮೇಲೆ ನಲಿಯುವಂತೆ ಮಾಡಿದರು.

1972ರಲ್ಲಿ ಬಂದ ‘ನಾಗರಹಾವು’ ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಬೆಸೆದು ರಚಿತವಾದುದು. ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ನಡೆಯುವ ಈ ಕಥೆಯ ನಾಯಕ ರಾಮಾಚಾರಿ ಮುಂಗೋಪಿ, ಆದರೆ ನಿರ್ಮಲ ಹೃದಯದವನು. ತನ್ನನ್ನು ಅರ್ಥಮಾಡಿಕೊಂಡ ಚಾಮಯ್ಯ ಮೇಷ್ಟ್ರನ್ನು ಅವನು ದೇವರಂತೆ ಕಾಣುತ್ತಾನೆ. ಆ ಗುರುವಿನ ಮಾತಿಗೆ ಕಟ್ಟುಬಿದ್ದು, ತಾನು ಒಲಿದ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಅವಳ ಬಾಳು ಹಾಳಾದುದನ್ನು ಕಂಡಾಗ ಅವನ ಎದೆ ಒಡೆಯುತ್ತದೆ. ಮಾರ್ಗರೆಟ್ ಎಂಬ ಹುಡುಗಿಯನ್ನು ಪ್ರೀತಿಸಿದಾಗಲೂ ಸಮಾಜ ಅಡ್ಡಬರುತ್ತದೆ. ಕೊನೆಯಲ್ಲಿ ಗುರುವೂ ಪ್ರೇಮಿಗಳೂ ಬೆಟ್ಟದ ಮೇಲಿಂದ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ. ಈ ಅಂತ್ಯವನ್ನು ಯಾರೂ ಅನುಸರಿಸತಕ್ಕ ದಾರಿಯೆಂದು ಭಾವಿಸಬಾರದು. ಚಾಮಯ್ಯ ಮೇಷ್ಟ್ರು ಕೆಟ್ಟವರಲ್ಲ. ಶಿಷ್ಯನ ಹಿತವನ್ನೇ ಬಯಸಿದವರು. ಆದರೂ ಇಬ್ಬರ ಬದುಕಿನ ನಿರ್ಧಾರವನ್ನು ಮೂರನೆಯವರು ತೆಗೆದುಕೊಂಡಾಗ ಒಳ್ಳೆಯ ಉದ್ದೇಶವೂ ಎಂಥ ಅನರ್ಥಕ್ಕೆ ಎಡೆಗೊಡಬಹುದು ಎಂಬುದೇ ಇಲ್ಲಿ ವಿಚಾರಮಾಡತಕ್ಕ ಅಂಶ. ಈ ಚಿತ್ರದಿಂದ ವಿಷ್ಣುವರ್ಧನ್ ನಾಯಕನಟರಾಗಿ ಬೆಳಗಿದರು. ಅಂಬರೀಷ್ ಚಿತ್ರರಂಗವನ್ನು ಪ್ರವೇಶಿಸಿದರು.

ಅನಂತರ ‘ಎಡಕಲ್ಲು ಗುಡ್ಡದ ಮೇಲೆ’, ‘ಉಪಾಸನೆ’, ‘ಶುಭಮಂಗಳ’, ‘ಪಡುವಾರಳ್ಳಿ ಪಾಂಡವರು’ ಮುಂತಾದ ಚಿತ್ರಗಳು ಬಂದವು. 1976ರ ‘ಕಥಾಸಂಗಮ’ದಲ್ಲಿ ಗಿರಡ್ಡಿ ಗೋವಿಂದರಾಜ, ವೀಣಾ ಶಾಂತೇಶ್ವರ ಮತ್ತು ಈಶ್ವರಚಂದ್ರ ಅವರ ಮೂರು ಸಣ್ಣಕಥೆಗಳನ್ನು ಒಂದೇ ಚಿತ್ರದಲ್ಲಿ ಜೋಡಿಸಿ ಹೊಸ ಪ್ರಯೋಗ ಮಾಡಿದರು. 1981ರ ‘ರಂಗನಾಯಕಿ’ಯಲ್ಲಿ ನಾಟಕದ ಕಲಾವಿದೆಯೊಬ್ಬಳು ಕಲೆ ಮತ್ತು ಸಂಸಾರಗಳ ನಡುವೆ ಸಿಕ್ಕಿ, ಕಲೆಯನ್ನು ಬಿಡಲಾರದೆ ಗಂಡನನ್ನೂ ಮಗನನ್ನೂ ಕಳೆದುಕೊಳ್ಳುತ್ತಾಳೆ. 1982ರ ‘ಮಾನಸ ಸರೋವರ’ದಲ್ಲಿ ಮನೋವೈದ್ಯನೊಬ್ಬನು ತಾನು ಗುಣಪಡಿಸಿದ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳ ಮನಸ್ಸು ಬೇರೊಬ್ಬನಲ್ಲಿ ನೆಟ್ಟಾಗ ವೈದ್ಯನೇ ಬುದ್ಧಿಭ್ರಮಣೆಗೆ ಒಳಗಾಗುತ್ತಾನೆ. ಮಾಡಿದ ಉಪಕಾರಕ್ಕೆ ಪ್ರತಿಯಾಗಿ ಪ್ರೀತಿಯನ್ನು ಕೇಳಲಾಗದೆಂಬ ಕಠಿಣ ಸತ್ಯ ಅಲ್ಲಿ ಗೋಚರಿಸುತ್ತದೆ. ‘ಬೆಳ್ಳಿಮೋಡ’ದ ಇಂದಿರೆ ಕಳೆದುಕೊಂಡೂ ನಿಂತಳು, ಈ ವೈದ್ಯ ನಿಲ್ಲಲಾರದೆ ಹೋದ. ಎರಡು ಚಿತ್ರಗಳನ್ನೂ ಒಟ್ಟಿಗೆ ನೆನೆದಾಗ, ನೋವು ಎಲ್ಲರಿಗೂ ಬರುವುದಾದರೂ ಅದನ್ನು ತಾಳುವ ಬಗೆ ಒಬ್ಬೊಬ್ಬರಿಗೆ ಒಂದೊಂದೆಂಬುದು ಮನದಟ್ಟಾಗುತ್ತದೆ.

ಪುಟ್ಟಣ್ಣನವರ ಬದುಕಿನಲ್ಲಿಯೂ ಆಯ್ಕೆಗಳಿದ್ದವು. ಅವುಗಳಿಗೆ ತಕ್ಕ ಬೆಲೆಯೂ ಇದ್ದಿತು. ಜನ ಮೆಚ್ಚಿದ ದಾರಿಯಲ್ಲಿಯೇ ನಡೆದಿದ್ದರೆ ಹಣ ಗಳಿಸುವುದು ಅವರಿಗೆ ಕಷ್ಟವಾಗುತ್ತಿರಲಿಲ್ಲ. ಆದರೆ ಅವರು ಒಳ್ಳೆಯ ಸಾಹಿತ್ಯಕೃತಿಗಳನ್ನು ಹುಡುಕಿದರು. ಪುರುಷನೇ ಪ್ರಧಾನವಾಗಿದ್ದ ತೆರೆಯ ಮೇಲೆ ಹೆಣ್ಣನ್ನು ಕಥೆಯ ನಡುವೆ ನಿಲ್ಲಿಸಿದರು. ಹೊಸ ಮುಖಗಳನ್ನು ನೆಚ್ಚಿ ದೊಡ್ಡ ಪಾತ್ರಗಳನ್ನು ಕೊಟ್ಟರು. ಅವರ ಎಲ್ಲ ಚಿತ್ರಗಳೂ ಗೆಲ್ಲಲಿಲ್ಲ. ‘ನಾಗರಹಾವು’ ಕಥೆಯನ್ನು 1974ರಲ್ಲಿ ಹಿಂದಿಯಲ್ಲಿ ತೆಗೆದಾಗ ಅದಕ್ಕೆ ಕನ್ನಡದಲ್ಲಿ ದೊರೆತ ಮನ್ನಣೆ ದೊರೆಯಲಿಲ್ಲ. ಕನ್ನಡ ಚಿತ್ರದ ವಿಷಯದಲ್ಲಿಯೂ ಮೂಲ ಲೇಖಕರಿಗೆ ಅಸಮಾಧಾನವಿದ್ದಿತು. ಭಾವಾವೇಶ ಅತಿಯಾಯಿತೆಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ಆದರೂ ಅವರು ತಾವು ಹಿಡಿದ ದಾರಿಯನ್ನು ಬಿಡಲಿಲ್ಲ. ಕನ್ನಡವಲ್ಲದೆ ಮಲಯಾಳಂ, ತಮಿಳು, ತೆಲುಗು, ಹಿಂದಿ ಭಾಷೆಗಳಲ್ಲಿಯೂ ಅವರು ಚಿತ್ರಗಳನ್ನು ನಿರ್ದೇಶಿಸಿದರು. ತಮಿಳಿನ ಹೆಸರಾಂತ ನಿರ್ದೇಶಕ ಭಾರತಿರಾಜ ಅವರು ಮೊದಲು ಇವರ ಬಳಿ ಸಹಾಯಕರಾಗಿ ದುಡಿದವರು. ಪಂತುಲು ಅವರಿಂದ ಪಡೆದ ವಿದ್ಯೆಯನ್ನು ಪುಟ್ಟಣ್ಣನವರು ಹೀಗೆ ಮುಂದಿನ ಪೀಳಿಗೆಗೆ ದಾಟಿಸಿದರು.

‘ಮಸಣದ ಹೂವು’ ಚಿತ್ರದ ಕೆಲಸ ನಡೆಯುತ್ತಿದ್ದಾಗ, 1985ನೆಯ ಇಸವಿ ಜೂನ್ 5ರಂದು ಪುಟ್ಟಣ್ಣನವರು ಬೆಂಗಳೂರಿನಲ್ಲಿ ನಿಧನಹೊಂದಿದರು. ಆಗ ಅವರಿಗೆ ಕೇವಲ 51 ವರ್ಷ. ಅಪೂರ್ಣವಾಗಿ ಉಳಿದ ಆ ಚಿತ್ರವನ್ನು ನಿರ್ದೇಶಕ ಕೆ. ಎಸ್. ಎಲ್. ಸ್ವಾಮಿಯವರು ಪೂರ್ಣಗೊಳಿಸಿದರು. ಕರ್ನಾಟಕ ಸರ್ಕಾರವು ಅವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿ, ಶ್ರೇಷ್ಠ ನಿರ್ದೇಶಕರಿಗೆ ನೀಡಿ ಗೌರವಿಸುತ್ತ ಬಂದಿದೆ.

ಪುಟ್ಟಣ್ಣನವರ ಕಾಲದ ಚಿತ್ರಮಂದಿರಗಳು ಹಲವು ಮುಚ್ಚಿಹೋಗಿವೆ. ಚಿತ್ರಗಳನ್ನು ನೋಡುವ ಬಗೆ ಬದಲಾಗಿದೆ. ಆದರೆ ಅವರು ಎತ್ತಿದ ಪ್ರಶ್ನೆಗಳು ಹಳೆಯವಾಗಿಲ್ಲ. ಮುಂದೆ ಓದಬೇಕೇ, ಮದುವೆಯಾಗಬೇಕೇ ಎಂಬ ಕವಲಿನಲ್ಲಿ ನಿಂತ ಹೆಣ್ಣುಮಗಳು ಕಣಗಾಲಿನಲ್ಲಿ ಇರುವಂತೆಯೇ ಖಟಕ ಚಿಂಚೋಳಿಯಲ್ಲಿಯೂ ಇರಬಹುದು. ಮನೋರೋಗದಿಂದ ಚೇತರಿಸಿಕೊಂಡು ಮನೆಗೆ ಮರಳಿದವರನ್ನು ಸಂಶಯದಿಂದ ನೋಡುವ ನೆರೆಹೊರೆ ಎಲ್ಲ ಊರುಗಳಲ್ಲಿಯೂ ಇದೆ. ಮಕ್ಕಳ ಹಿತಕ್ಕೆಂದೇ ಅವರ ಆಸೆಯನ್ನು ತಡೆಯುವ ಹಿರಿಯರೂ ಇದ್ದಾರೆ. ಇವರಿಗೆಲ್ಲ ಪುಟ್ಟಣ್ಣನವರ ಚಿತ್ರಗಳು ಸಿದ್ಧವಾದ ಉತ್ತರವನ್ನು ಕೊಡುವುದಿಲ್ಲ. ನಾವು ಮಾಡುವ ಆಯ್ಕೆಯ ಬೆಲೆಯನ್ನು ಯಾರು ತೆರಬೇಕಾಗುತ್ತದೆ ಎಂಬುದನ್ನು ಮೊದಲು ಯೋಚಿಸುವಂತೆ ಅವು ನಮ್ಮನ್ನು ಪ್ರೇರಿಸುತ್ತವೆ. ಹಾಗೆ ಯೋಚಿಸಲು ಕಲಿತವರು ಮತ್ತೊಬ್ಬರ ನೋವನ್ನು ಹಗುರವಾಗಿ ಕಾಣಲಾರರು. ನಾಡಿನ ಜನರಿಗೆ ಈ ಪಾಠವನ್ನು ಕಲಿಸಿದ ಪುಟ್ಟಣ್ಣನವರ ಹೆಸರು ಕನ್ನಡಿಗರ ಮನಸ್ಸಿನಲ್ಲಿ ಚಿರಸ್ಥಾಯಿಯಾಗಿ ಉಳಿಯುವುದರಲ್ಲಿ ಸಂದೇಹವಿಲ್ಲ.