ತ್ಸಿಯೋಲ್ಕೊವ್‌ಸ್ಕಿ: ವಿಜ್ಞಾನಕಥೆಯ ಓದು ಮತ್ತು ಕಾರ್ಯಾಗಾರದ ಬದುಕು

ವಿಜ್ಞಾನಕಥೆಯ ಓದನ್ನು ಬಾಲ್ಯದ ರಂಜನೆಯೆಂದೂ, ಮನೆಯ ಮೂಲೆಯಲ್ಲಿ ಯಂತ್ರಗಳನ್ನು ಕಟ್ಟುವುದನ್ನು ಬಿಡುವಿನ ಹವ್ಯಾಸವೆಂದೂ ಪರಿಗಣಿಸುವುದು ರೂಢಿ. ರಷ್ಯಾದ ಕಾನ್‌ಸ್ಟಾಂಟಿನ್ ಎಡ್ವಾರ್ಡೊವಿಚ್ ತ್ಸಿಯೋಲ್ಕೊವ್‌ಸ್ಕಿ (1857-1935) ಅವರ ಜೀವನವು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ವೃತ್ತಿಯಿಂದ ಸಣ್ಣ ಪಟ್ಟಣಗಳ ಶಾಲಾ ಉಪಾಧ್ಯಾಯರಾಗಿದ್ದ, ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೇ ಹತ್ತದ ಅವರು ಅಂತರಿಕ್ಷಯಾನದ ಗಣಿತಕ್ಕೆ ತಳಹದಿ ಹಾಕಿದರು. ಕಥೆಯಲ್ಲಿ ಓದಿದ್ದನ್ನು ಲೆಕ್ಕಕ್ಕೆ ಒಡ್ಡಿ, ಲೆಕ್ಕದಿಂದ ದೊರೆತುದನ್ನು ಮತ್ತೆ ಕಥೆಯಾಗಿ ಬರೆದ ಕ್ರಮದಲ್ಲಿಯೇ ಅವರ ಸಾಧನೆಯ ಮೂಲವಿದೆ.

1857ರ ಸೆಪ್ಟೆಂಬರ್ 17ರಂದು ರ್‍ಯಾಜಾನ್ ಪ್ರಾಂತ್ಯದ ಇಜೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ ಅವರ ಜನನವಾಯಿತು. ತಂದೆ ಪೋಲಿಷ್ ಮೂಲದ ಅರಣ್ಯ ಅಧಿಕಾರಿ. ಸುಮಾರು ಹತ್ತನೆಯ ವಯಸ್ಸಿನಲ್ಲಿ ತಗುಲಿದ ಸ್ಕಾರ್ಲೆಟ್ ಜ್ವರವು ಬಾಲಕನ ಶ್ರವಣಶಕ್ತಿಯನ್ನು ಬಹುಮಟ್ಟಿಗೆ ಕಸಿದುಕೊಂಡಿತು. 1870ರಲ್ಲಿ ತಾಯಿಯೂ ತೀರಿಕೊಂಡರು. ಶಾಲೆಯ ಪಾಠ ಕಿವಿಗೆ ಬೀಳದಾದ ಮೇಲೆ ಪುಸ್ತಕಗಳೇ ಗುರುಸ್ಥಾನದಲ್ಲಿ ನಿಂತವು. ಈ ಅವಧಿಯಲ್ಲಿ ಬಾಲಕನು ಕೋನಗಳನ್ನು ಅಳೆಯುವ ಉಪಕರಣವೊಂದನ್ನು ತಾನೇ ತಯಾರಿಸಿ, ಮನೆಯಿಂದ ಹೊರಬೀಳದೆಯೇ ದೂರದ ಅಗ್ನಿಶಾಮಕ ಗೋಪುರವು 400 ಅರ್ಶಿನ್ ದೂರದಲ್ಲಿದೆಯೆಂದು ಗಣಿಸಿದನು. ಬಳಿಕ ನೆಲವನ್ನು ಅಳೆದು ನೋಡಿದಾಗ ಲೆಕ್ಕ ಸರಿಯಾಗಿತ್ತು. ಸಿದ್ಧಾಂತದ ಮೇಲಿನ ಅವರ ನಂಬಿಕೆ ದೃಢವಾದುದು ಈ ಘಟನೆಯಿಂದ.

ಮಗನ ಪ್ರತಿಭೆಯನ್ನು ಗುರುತಿಸಿದ ತಂದೆ 1873ರಲ್ಲಿ ಅವರನ್ನು ಮಾಸ್ಕೋಗೆ ಕಳುಹಿಸಿದರು. ಅಲ್ಲಿ ಮೂರು ವರ್ಷ ಚೆರ್ಟ್‌ಕೋವ್ ಗ್ರಂಥಾಲಯವೇ ಅವರ ವಿದ್ಯಾಪೀಠವಾಯಿತು. ತಿಂಗಳ ಅಲ್ಪ ಹಣದಲ್ಲಿ ಬಹುಭಾಗವು ಪುಸ್ತಕ ಮತ್ತು ರಾಸಾಯನಿಕಗಳಿಗೆ ವ್ಯಯವಾಗುತ್ತಿತ್ತು. ಊಟವೆಂದರೆ ಹೆಚ್ಚಾಗಿ ಕಪ್ಪು ರೊಟ್ಟಿ ಮತ್ತು ನೀರು ಮಾತ್ರ.

ಅಂತರಿಕ್ಷಯಾನದ ಕಲ್ಪನೆಯ ಬೀಜವನ್ನು ತಮ್ಮಲ್ಲಿ ಬಿತ್ತಿದವರು ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ಎಂಬುದನ್ನು ತ್ಸಿಯೋಲ್ಕೊವ್‌ಸ್ಕಿ ಸ್ಮರಿಸಿಕೊಂಡಿದ್ದಾರೆ. 1865ರಲ್ಲಿ ಪ್ರಕಟವಾದ ವರ್ನ್‌ರ ಚಂದ್ರಯಾನದ ಕಾದಂಬರಿಯಲ್ಲಿ ಪ್ರಯಾಣಿಕರನ್ನು 900 ಅಡಿ ಉದ್ದದ ಫಿರಂಗಿಯಿಂದ ಹಾರಿಸಲಾಗುತ್ತದೆ. ಭೂಮಿಯ ಸೆಳೆತವನ್ನು ಮೀರಲು ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗ ಬೇಕು. ಆ ವೇಗವನ್ನು ಅಷ್ಟು ಗಿಡ್ಡ ನಳಿಗೆಯೊಳಗೇ ಪಡೆಯಬೇಕಾದರೆ ಒಳಗಿರುವವರ ಮೇಲೆ ಅವರ ತೂಕದ 20,000 ಪಟ್ಟಿಗೂ ಮಿಗಿಲಾದ ಒತ್ತಡ ಬೀಳುತ್ತದೆ. ಯಾವ ಜೀವಿಯೂ ಅದನ್ನು ತಾಳಲಾರದು. ಹಾಗಾದರೆ ಜೀವಿಗಳು ಎಷ್ಟನ್ನು ತಾಳಬಲ್ಲವು? ಯುವಕ ತ್ಸಿಯೋಲ್ಕೊವ್‌ಸ್ಕಿ ಇದನ್ನು ಅರಿಯಲು ತಿರುಗುವ ಯಂತ್ರವೊಂದನ್ನು ನಿರ್ಮಿಸಿ, ಅಡುಗೆಮನೆಯ ಜಿರಲೆಯ ತೂಕವನ್ನು 300 ಪಟ್ಟು, ಕೋಳಿಮರಿಯ ತೂಕವನ್ನು ಸುಮಾರು 10 ಪಟ್ಟು ಹೆಚ್ಚಿಸಿ ಪರೀಕ್ಷಿಸಿದರು; ಎರಡಕ್ಕೂ ಅಪಾಯವಾಗಲಿಲ್ಲ. ವರ್ನ್‌ರ ಗುರಿಯನ್ನು ಒಪ್ಪಿ ಸಾಧನವನ್ನು ತಿರಸ್ಕರಿಸಿದ ಈ ವಿಮರ್ಶಾತ್ಮಕ ಓದು ಮುಂದಿನ ಎಲ್ಲ ಚಿಂತನೆಗೆ ಹಾದಿಯಾಯಿತು.

1880ರಲ್ಲಿ ಬೊರೊವ್‌ಸ್ಕ್ ಪಟ್ಟಣದಲ್ಲಿ ಅಂಕಗಣಿತ ಮತ್ತು ರೇಖಾಗಣಿತದ ಉಪಾಧ್ಯಾಯರಾಗಿ ಸೇರಿದ ಅವರು ಅದೇ ವರ್ಷ ವರ್ವಾರಾ ಸೊಕೊಲೊವಾ ಅವರನ್ನು ವಿವಾಹವಾದರು. 1892ರಲ್ಲಿ ಕಲುಗಾಕ್ಕೆ ವರ್ಗವಾಯಿತು. ಶಾಲೆಯ ಕೆಲಸ ಮುಗಿದ ಮೇಲಿನ ಸಮಯವೆಲ್ಲ ಕಾರ್ಯಾಗಾರಕ್ಕೆ ಮೀಸಲು. ತಗಡಿನಿಂದ ತಮ್ಮ ಶ್ರವಣ ಕೊಳವೆಗಳನ್ನೂ ಲೋಹದ ವಾಯುನೌಕೆಯ ಮಾದರಿಗಳನ್ನೂ ಅವರೇ ಮಾಡಿಕೊಳ್ಳುತ್ತಿದ್ದರು. ಗಾಳಿಯ ಪ್ರತಿರೋಧವನ್ನು ಅಳೆಯಲು 1897ರಲ್ಲಿ ಮನೆಯಲ್ಲಿಯೇ ಗಾಳಿ ಸುರಂಗವನ್ನು ನಿರ್ಮಿಸಿದರು. ಈ ಪ್ರಯೋಗಗಳ ಮುಂದುವರಿಕೆಗೆ ವಿಜ್ಞಾನ ಅಕಾಡೆಮಿಯಿಂದ ದೊರೆತ ನೆರವು 470 ರೂಬಲ್.

ಸೃಜನಶೀಲ ಬರವಣಿಗೆಯೂ ಈ ಶೋಧದ ಅಂಗವೇ ಆಗಿತ್ತು. 1893ರಲ್ಲಿ ಪ್ರಕಟವಾದ ಅವರ ಚಂದ್ರಲೋಕದ ಕಥೆಯು ಕಡಿಮೆ ಗುರುತ್ವದಲ್ಲಿ ದೇಹದ ಚಲನೆ, ಕಪ್ಪು ಆಕಾಶ, ದೀರ್ಘವಾದ ಹಗಲುರಾತ್ರಿಗಳನ್ನು ಭೌತಶಾಸ್ತ್ರದ ನಿಯಮ ಮೀರದಂತೆ ಚಿತ್ರಿಸುತ್ತದೆ. ಹತ್ತು ವರ್ಷಗಳ ಅನಂತರ, 1903ರಲ್ಲಿ, ರಾಕೆಟ್ಟಿನಿಂದ ಅಂತರಿಕ್ಷವನ್ನು ಶೋಧಿಸುವ ಕುರಿತ ಅವರ ಪ್ರಬಂಧವು ಒಂದು ವೈಜ್ಞಾನಿಕ ಪತ್ರಿಕೆಯಲ್ಲಿ ಬೆಳಕು ಕಂಡಿತು. ರಾಕೆಟ್ ಗಳಿಸುವ ವೇಗವು ಹೊರಚಿಮ್ಮುವ ಅನಿಲದ ವೇಗವನ್ನೂ, ಇಂಧನಸಹಿತವಾದ ಹಾಗೂ ಇಂಧನ ತೀರಿದ ಮೇಲಿನ ರಾಶಿಗಳ ಅನುಪಾತದ ಲಾಗರಿತಮ್ಮನ್ನೂ ಅವಲಂಬಿಸಿದೆ ಎಂಬ ಸೂತ್ರ ಅದರಲ್ಲಿದೆ. ದ್ರವ ಜಲಜನಕ ಮತ್ತು ದ್ರವ ಆಮ್ಲಜನಕವನ್ನು ಇಂಧನವಾಗಿ ಬಳಸಬಹುದೆಂದು ಸೂಚಿಸಿದುದೂ ಅಲ್ಲಿಯೇ. ಫಿರಂಗಿಯ ಒಂದೇ ಹೊಡೆತದ ಬದಲು ವೇಗವನ್ನು ಕ್ರಮಕ್ರಮವಾಗಿ ಏರಿಸುವ ಸಾಧನ ಹೀಗೆ ದೊರೆಯಿತು.

ಈ ನಿಷ್ಠೆಗೆ ತೆತ್ತ ಬೆಲೆ ಸಣ್ಣದಲ್ಲ. ಉಪಾಧ್ಯಾಯರ ಸಂಬಳದಲ್ಲಿಯೇ ಸಂಸಾರವೂ ಪ್ರಯೋಗವೂ ಸಾಗಬೇಕಾಗಿತ್ತು. 1902ರಲ್ಲಿ ಮಗ ಇಗ್ನಾತಿಯ ಆತ್ಮಹತ್ಯೆ ಅವರನ್ನು ಕುಗ್ಗಿಸಿತು. 1908ರಲ್ಲಿ ಓಕಾ ನದಿಯ ಪ್ರವಾಹವು ಮನೆಗೆ ನುಗ್ಗಿ ಹಸ್ತಪ್ರತಿಗಳನ್ನು ಹಾಳುಮಾಡಿತು. 1903ರ ಪ್ರಬಂಧವನ್ನು ಗಮನಿಸಿದವರು ವಿರಳ. 1911-12ರಲ್ಲಿ ಅದರ ಎರಡನೆಯ ಭಾಗ ಪ್ರಕಟವಾದ ಮೇಲಷ್ಟೇ ಚರ್ಚೆ ಆರಂಭವಾಯಿತು. 1919ರಲ್ಲಿ ಅಲ್ಪಕಾಲದ ಬಂಧನವನ್ನೂ ಅನುಭವಿಸಿದ ಅವರಿಗೆ ಸೋವಿಯತ್ ಸರ್ಕಾರವು 1921ರಲ್ಲಿ ಜೀವಮಾನದ ನಿವೃತ್ತಿವೇತನವನ್ನು ಮಂಜೂರು ಮಾಡಿತು.

1920ರಲ್ಲಿ ಪುಸ್ತಕರೂಪ ತಳೆದ ಭೂಮಿಯಾಚೆಗಿನ ಬದುಕಿನ ಕಾದಂಬರಿಯಲ್ಲಿ ಅವರ ಕನಸಿನ ಸಮಗ್ರ ರೂಪವನ್ನು ಕಾಣಬಹುದು. ಕಥೆಯ ಕಾಲ 2017. ನೆಲೆ ಹಿಮಾಲಯದ ಶಿಖರಗಳ ನಡುವಿನ ಒಂದು ಸೌಧ. ನ್ಯೂಟನ್, ಗೆಲಿಲಿಯೋ ಮೊದಲಾದ ಹೆಸರು ಹೊತ್ತ ವಿವಿಧ ದೇಶಗಳ ವಿಜ್ಞಾನಿಗಳು ಅಲ್ಲಿ ಸೇರಿ ರಾಕೆಟ್ಟನ್ನು ರಚಿಸುತ್ತಾರೆ. ಅಂತರಿಕ್ಷಯಾನವು ಒಂದು ರಾಷ್ಟ್ರದ ಸ್ವತ್ತಲ್ಲವೆಂಬ ಭಾವ ಈ ವಿನ್ಯಾಸದಲ್ಲಿ ಅಂತರ್ಗತವಾಗಿದೆ. 1929ರಲ್ಲಿ ಅವರು ಒಂದರ ಹಿಂದೊಂದನ್ನು ಜೋಡಿಸಿದ ರಾಕೆಟ್ ಸರಣಿಯ ಸಿದ್ಧಾಂತವನ್ನು ಮಂಡಿಸಿದರು.

ತ್ಸಿಯೋಲ್ಕೊವ್‌ಸ್ಕಿ ಸ್ವತಃ ದ್ರವ ಇಂಧನದ ಒಂದು ರಾಕೆಟ್ಟನ್ನೂ ಹಾರಿಸಲಿಲ್ಲ. ಅದನ್ನು 1926ರ ಮಾರ್ಚ್ 16ರಂದು ಮೊದಲು ಸಾಧಿಸಿದವರು ಅಮೆರಿಕದ ರಾಬರ್ಟ್ ಗೊಡಾರ್ಡ್. ಅವರು ಹದಿಹರೆಯದಲ್ಲಿ ಎಚ್.ಜಿ. ವೆಲ್ಸ್‌ರ ಕಾದಂಬರಿಯಿಂದ ಪ್ರಭಾವಿತರಾಗಿದ್ದರೆ, ಮತ್ತೊಬ್ಬ ರಾಕೆಟ್ ಪ್ರವರ್ತಕ ಹರ್ಮನ್ ಒಬರ್ತ್ ವರ್ನ್‌ರ ಓದುಗರಾಗಿದ್ದರು. ಮೂವರು ಪ್ರವರ್ತಕರ ಹಿಂದೆಯೂ ಕಥೆಯಿರುವುದು ಆಕಸ್ಮಿಕವಲ್ಲ. ಕಥೆಯು ಅವರಿಗೆ ಸಿದ್ಧ ಉತ್ತರವನ್ನು ಕೊಡಲಿಲ್ಲ, ಬಿಡಿಸಬೇಕಾದ ಪ್ರಶ್ನೆಯನ್ನು ಕೊಟ್ಟಿತು.

1935ರ ಸೆಪ್ಟೆಂಬರ್ 19ರಂದು ಕಲುಗಾದಲ್ಲಿ ಅವರು ನಿಧನರಾದರು. ಅವರ ಜನ್ಮಶತಮಾನೋತ್ಸವದ ವರ್ಷವಾದ 1957ರ ಅಕ್ಟೋಬರ್ 4ರಂದು ಮೊದಲ ಕೃತಕ ಉಪಗ್ರಹವು ಕಕ್ಷೆ ಸೇರಿತು. ಶಾಲಾ ಉಪಾಧ್ಯಾಯರೊಬ್ಬರು ಕಾರ್ಯಾಗಾರದ ಪಕ್ಕದ ಮೇಜಿನ ಮೇಲೆ ಬಿಡಿಸಿದ ಆ ಸೂತ್ರವು ಇಂದಿಗೂ ಪ್ರತಿಯೊಂದು ರಾಕೆಟ್ಟಿನ ವಿನ್ಯಾಸದ ಮೊದಲ ಲೆಕ್ಕವಾಗಿ ಉಳಿದಿದೆ.