ದಿವಾನ್ ಪೂರ್ಣಯ್ಯನವರು (1746–1812)

ಬೇಲೂರು ತಾಲ್ಲೂಕಿನ ಬಿಕ್ಕೋಡು ಹೋಬಳಿಯೂ ಸೇರಿದಂತೆ ಹಳೆಯ ಮೈಸೂರು ಸಂಸ್ಥಾನದ ಆಡಳಿತ ಚರಿತ್ರೆಯಲ್ಲಿ ದಿವಾನ್ ಪೂರ್ಣಯ್ಯನವರ ಹೆಸರು ಪ್ರಮುಖವಾದುದು. ಕೊಯಮತ್ತೂರು ಸೀಮೆಯಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಆ ಮೂಲಕ ಹೈದರ್ ಅಲಿಯ ಗಮನಕ್ಕೆ ಬಂದು, ಕ್ರಮೇಣ ರಾಜ್ಯದ ಹಣಕಾಸು ವ್ಯವಹಾರಗಳ ಹೊಣೆ ಹೊತ್ತರು.

ಅವರ ಕಾರ್ಯದಕ್ಷತೆಗೆ ಅತ್ಯಂತ ಕಠಿಣ ಪರೀಕ್ಷೆ ಎದುರಾದದ್ದು 1782ರ ಡಿಸೆಂಬರ್ 7ರಂದು. ಇಂಗ್ಲಿಷರೊಡನೆ ಯುದ್ಧ ನಡೆದಿರುವಾಗಲೇ ಹೈದರನು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ರಾಜಹುಣ್ಣಿನಿಂದ ಮರಣಹೊಂದಿದನು. ಉತ್ತರಾಧಿಕಾರಿ ಟಿಪ್ಪು ದೂರದ ಮಲಬಾರಿನ ಪೊನ್ನಾನಿಯಲ್ಲಿದ್ದನು. ಸುದ್ದಿ ಹೊರಬಿದ್ದಲ್ಲಿ ಸೈನ್ಯ ಚದುರುವ, ಸಿಂಹಾಸನಕ್ಕೆ ಬೇರೆಯವರು ಕೈಹಾಕುವ ಅಪಾಯವಿತ್ತು. ಪೂರ್ಣಯ್ಯ ಹಾಗೂ ಕೃಷ್ಣರಾಯರು ಕೆಲವೇ ನಂಬಿಕಸ್ಥರೊಡನೆ ಸೇರಿ ವಿಷಯವನ್ನು ಗೋಪ್ಯವಾಗಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಸಾಗಣೆಯೆಂಬಂತೆ ಕೋಲಾರಕ್ಕೆ ಕಳುಹಿಸಲಾಯಿತು. ಪಾಳೆಯದ ದಿನಚರಿಯಲ್ಲಿ ಯಾವ ವ್ಯತ್ಯಾಸವೂ ಕಾಣದಂತೆ ನೋಡಿಕೊಳ್ಳಲಾಯಿತು. ಒಡೆಯನು ಅಸ್ವಸ್ಥನೆಂಬ ನೆಪದಲ್ಲಿ, ಮುಚ್ಚಿದ ಪಲ್ಲಕ್ಕಿಯು ಎಂದಿನ ಮರ್ಯಾದೆಗಳೊಡನೆ ಸೈನ್ಯದ ಜೊತೆಗೆ ಸಾಗಿತು. ಟಿಪ್ಪುವಿಗೆ ಕಳುಹಿಸಿದ ವರದಿ ನಾಲ್ಕೇ ದಿನಗಳಲ್ಲಿ ಮುಟ್ಟಿತು. ಈ ನಡುವೆ ಪಾಳೆಯದೊಳಗೇ ಪತ್ತೆಯಾದ ಒಳಸಂಚೊಂದನ್ನು, ಅದರ ನಿಜವಾದ ಕಾರಣ ಸೈನಿಕರಿಗೆ ತಿಳಿಯದಂತೆ ಅಡಗಿಸಲಾಯಿತು.

ಗುಟ್ಟು ಪೂರ್ಣವಾಗಿ ಉಳಿಯಿತೆಂದು ಹೇಳಲಾಗದು. ಮದರಾಸಿನ ಇಂಗ್ಲಿಷ್ ಗವರ್ನರನಿಗೆ ಬೇಗನೆ ಸುಳಿವು ಸಿಕ್ಕಿತ್ತು. ಆದರೆ ಅವರ ಸೇನಾನಿ ಸ್ಟುವರ್ಟ್ ಹೊರಡಲು ವಿಳಂಬಿಸಿದನು. ಅಷ್ಟರಲ್ಲಿ ಟಿಪ್ಪು ಬಂದು ಸೈನ್ಯದ ಅಧಿಪತ್ಯ ವಹಿಸಿಕೊಂಡನು. ಸ್ಟುವರ್ಟನ ವಿಳಂಬವು ಮೈಸೂರಿನ ಅದೃಷ್ಟ. ಉಳಿದದ್ದು ಪೂರ್ಣಯ್ಯ ಮತ್ತು ಅವರ ಸಹೋದ್ಯೋಗಿಗಳ ಶಿಸ್ತು.

1799ರಲ್ಲಿ ಟಿಪ್ಪುವಿನ ಪತನಾನಂತರ, ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾಗಿ ಪೂರ್ಣಯ್ಯನವರು ನೇಮಕಗೊಂಡರು. ಅವರ ಅವಧಿಯಲ್ಲಿಯೇ, 1802ರಲ್ಲಿ, ಬಿಕ್ಕೋಡಿಗೆ ನೆರೆಯ ಸಕಲೇಶಪುರ ಸೀಮೆಯ ಬಲಂ ಪಾಳೆಯಗಾರನ ಪ್ರತಿರೋಧವು ಆರ್ಥರ್ ವೆಲ್ಲೆಸ್ಲಿಯ ಸೈನ್ಯದಿಂದ ಕೊನೆಗೊಂಡಿತು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಅಂಚೆ ವ್ಯವಸ್ಥೆಯನ್ನೂ ಅವರು ಮುಂದುವರಿಸಿದರು. ಪತ್ರಗಳನ್ನು ಸಾಗಿಸುವುದರ ಜೊತೆಗೆ ಊರೂರಿನ ಸಮಾಚಾರವನ್ನು ಸರ್ಕಾರಕ್ಕೆ ಗುಪ್ತವಾಗಿ ತಿಳಿಸುವುದೂ ಅಂಚೆಯವರ ಕರ್ತವ್ಯವಾಗಿತ್ತು. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು.

1807ರಲ್ಲಿ ಪೂರ್ಣಯ್ಯನವರಿಗೆ ಯಳಂದೂರು ಜಹಗೀರು ದೊರೆಯಿತು. 1811ರಲ್ಲಿ ಅಧಿಕಾರದಿಂದ ನಿವೃತ್ತರಾದ ಅವರು 1812ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ನಿಧನರಾದರು.