ಎರಡನೆಯ ಸುತ್ತಿನ ಹೆಸರು

ಕಾಲೇಜುಗಳಿಂದ ಹೊರಬೀಳುವ ಬ್ಯಾಸ್ಕೆಟ್‌ಬಾಲ್ ಆಟಗಾರರನ್ನು ಅಮೆರಿಕದ ವೃತ್ತಿ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೆಸರಿಸಿ ಆರಿಸಿಕೊಳ್ಳುವುದು ರೂಢಿ. ಎತ್ತರ, ಓಟ, ಗುರಿ, ಚೆಂಡಿನ ಮೇಲಣ ಹಿಡಿತ ಇವನ್ನೆಲ್ಲ ತೂಗಿ ನೋಡುತ್ತಾರೆ. ಆದರೆ ೧೯೫೦ರವರೆಗೆ, ಎಷ್ಟು ಚೆನ್ನಾಗಿ ಆಡಿದರೂ ಕಪ್ಪು ಜನಾಂಗದ ಯುವಕನೊಬ್ಬನ ಹೆಸರನ್ನು ಅಲ್ಲಿ ಯಾರೂ ಕರೆದಿರಲಿಲ್ಲ.

ಚಕ್ ಕೂಪರ್ ಪಿಟ್ಸ್‌ಬರ್ಗಿನಲ್ಲಿ ಜನಿಸಿದುದು ೧೯೨೬ರಲ್ಲಿ. ಅದೇ ಊರಿನ ಡುಕೇನ್ ವಿಶ್ವವಿದ್ಯಾನಿಲಯದ ತಂಡಕ್ಕೆ ಆತ ಆಡಿದ. ೧೯೪೬ರ ಡಿಸೆಂಬರಿನಲ್ಲಿ, ಆತ ಕಣಕ್ಕಿಳಿದರೆ ತಾವು ಆಡೆವೆಂದು ಟೆನೆಸಿ ವಿಶ್ವವಿದ್ಯಾನಿಲಯದವರು ಹಟ ಹಿಡಿದರು. ಡುಕೇನ್ ಆತನನ್ನು ಬಿಟ್ಟುಕೊಡಲಿಲ್ಲ, ಪಂದ್ಯವೇ ನಿಂತುಹೋಯಿತು.

೧೯೫೦ರ ಏಪ್ರಿಲ್ ೨೫ರಂದು ಷಿಕಾಗೋದಲ್ಲಿ ತಂಡಗಳ ಸಭೆ ಸೇರಿತು. ಎರಡನೆಯ ಸುತ್ತಿನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಒಡೆಯ ವಾಲ್ಟರ್ ಬ್ರೌನ್ ಕೂಪರನ ಹೆಸರನ್ನು ಕರೆದ. ಅಂದೇ ವಾಷಿಂಗ್ಟನ್ ತಂಡ ಅರ್ಲ್ ಲಾಯ್ಡ್‌ನನ್ನೂ ಆರಿಸಿತು.

ಆಯ್ಕೆಯಾದ ಮಾತ್ರಕ್ಕೆ ಅವಮಾನ ತೀರಲಿಲ್ಲ. ೧೯೫೨ರಲ್ಲಿ ಉತ್ತರ ಕೆರೊಲೈನಾದ ರಾಲಿ ನಗರದಲ್ಲಿ ಆತನಿಗೆ ತಂಗಲು ಕೋಣೆ ಸಿಗದಾಗ, ಜೊತೆಯ ಆಟಗಾರ ಬಾಬ್ ಕೂಸಿ ಆತನೊಡನೆ ರಾತ್ರಿಯ ರೈಲು ಹತ್ತಿದ.

ಆರು ವರ್ಷದ ವೃತ್ತಿಯಲ್ಲಿ ಕೂಪರ್ ಗಳಿಸಿದುದು ಪಂದ್ಯಕ್ಕೆ ಸರಾಸರಿ ೬.೭ ಅಂಕ. ಎದುರಾಳಿಯನ್ನು ತಡೆಯುವ, ಗುರಿ ತಪ್ಪಿ ಮರಳಿದ ಚೆಂಡನ್ನು ಕಸಿಯುವ ಶ್ರಮದ ಕೆಲಸ ಆತನದಾಗಿತ್ತು. ಅಂಕಗಳಿಂದಲೇ ಅಳೆದರೆ ಬ್ರೌನನ ಆಯ್ಕೆ ಸಾಧಾರಣವೆನ್ನಬೇಕು. ಆದರೆ ತರುಣರನ್ನು ಅಳೆಯುವ ಕೋಲೇ ಅಂದು ಬದಲಾಗತೊಡಗಿತ್ತು.

ಮುಂದೆ ಸಮಾಜಸೇವೆಯಲ್ಲಿ ಉನ್ನತ ಪದವಿ ಪಡೆದು, ತನ್ನೂರಿನ ಸೇವೆಗೆ ನಿಂತ ಕೂಪರ್ ೧೯೮೪ರಲ್ಲಿ ತೀರಿಕೊಂಡ. ಬ್ಯಾಸ್ಕೆಟ್‌ಬಾಲಿನ ಕೀರ್ತಿಮಂದಿರ ಆತನಿಗೆ ಸ್ಥಾನವಿತ್ತುದು ೨೦೧೯ರಲ್ಲಿ.